ಹೋದ ವರ್ಷದ ಅಂಕಗಳು

2023ರ ಜೂನ್ ತಿಂಗಳಲ್ಲಿ ನೀಟ್ ಫಲಿತಾಂಶ ಬಂದ ರಾತ್ರಿ ನಾವು ಅಕ್ಕನ ಮನೆಯಲ್ಲಿದ್ದೆವು. ಅಕ್ಕನ ಮಗಳಿಗೆ 720ಕ್ಕೆ 443 ಬಂದಿತ್ತು. ಅಷ್ಟು ಅಂಕಕ್ಕೆ ಸರಕಾರಿ ಸೀಟು ದಕ್ಕುವುದಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಭಾವ ಮೊಬೈಲನ್ನು ಮಗುಚಿಟ್ಟು ಇಶಾ ನಮಾಜಿಗೆಂದು ಎದ್ದು ಹೋದರು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ತೊಳೆಯುತ್ತಿದ್ದಳು. ಹುಡುಗಿ ಬಂದು ನಮ್ಮ ಪಕ್ಕದಲ್ಲಿ ಕುಳಿತು ಕೇಳಿದಳು: 'ಮಾಮು, ಮುಂದಿನ ವರ್ಷ ಮತ್ತೆ ಬರೆದರೆ ಈ ಅಂಕ ಎಲ್ಲಾದರೂ ಉಳಿದಿರುತ್ತಾ?'

'ಇಲ್ಲ ಬೇಟಾ, ಎಲ್ಲೂ ಇರೋದಿಲ್ಲ' ಎಂದೆವು.

ಅವಳ ಮುಖ ಸ್ವಲ್ಪ ಹಗುರಾಯಿತು. ನಿಯಮದ ಪ್ರಕಾರ ನಾವು ಹೇಳಿದ್ದು ಸರಿಯೇ. ಆದರೂ ಆ ಉತ್ತರ ನಮ್ಮನ್ನು ಅಂದಿನಿಂದ ಬಿಟ್ಟಿಲ್ಲ. ವೈದ್ಯಳಾಗಬೇಕೆಂದು ಹೊರಟ ಹುಡುಗಿಯೊಬ್ಬಳ ಹಳೆಯ ಸೋಲು ಎಲ್ಲೂ ಉಳಿಯದಿರುವುದು ಒಳ್ಳೆಯದೇ? ಅಂಕವನ್ನು ಸುಧಾರಿಸಿಕೊಳ್ಳುವುದು ಎಂದು ನಾವು ಸಲೀಸಾಗಿ ಹೇಳುತ್ತೇವಲ್ಲ, ಅಲ್ಲಿ ನಿಜವಾಗಿ ಸುಧಾರಿಸಬೇಕಾದದ್ದು ಯಾವುದು?

ಮೊದಲು ನಿಯಮಗಳನ್ನು ನೋಡೋಣ. ನಮ್ಮ ಕಾಲದಲ್ಲಿ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಕೂಡಿಸಿ ಶ್ರೇಯಾಂಕ ಕೊಡುತ್ತಿದ್ದರು. ಈಗ ಎಂಬಿಬಿಎಸ್ ಸೀಟು ನಿರ್ಧಾರವಾಗುವುದು ನೀಟ್ ಅಂಕದ ಮೇಲೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಮೀಸಲು ವರ್ಗದವರಿಗೆ 40 ಇದ್ದರೆ ಸಾಕು. ಅದರಾಚೆಗೆ ಪಿಯುಸಿ ಅಂಕಪಟ್ಟಿಯ ಕೆಲಸ ಮುಗಿಯಿತು. ನೀಟ್ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. 2022ರಲ್ಲಿ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದುಹಾಕಲಾಯಿತು. ದೇಶದೊಳಗಿನ ಪ್ರವೇಶಕ್ಕೆ ಆಯಾ ವರ್ಷದ ಅಂಕ ಮಾತ್ರ ಸಲ್ಲುತ್ತದೆ. ಹೋದ ವರ್ಷ ನೂರು ಬಂದಿತ್ತೋ ಆರುನೂರು ಬಂದಿತ್ತೋ ಯಾರೂ ಕೇಳುವುದಿಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಮೂರರಲ್ಲಿ ಯಾವುದು ಹೆಚ್ಚೋ ಅದನ್ನು ಉಳಿಸಿಕೊಳ್ಳಬಹುದಾಗಿತ್ತು. 'ಸಪ್ಲಿಮೆಂಟರಿ' ಎಂಬ ಹಣೆಪಟ್ಟಿ ಹೋಗಿ ಪರೀಕ್ಷೆ ಒಂದು, ಎರಡು, ಮೂರು ಎಂದಾಯಿತು. ಇದು ಮರೆಯುವ ಪದ್ಧತಿ.

ಕಡಲಾಚೆ ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾದ ಪದ್ಧತಿ ಇದೆ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಒಂದೇ ಕೇಂದ್ರೀಕೃತ ಅರ್ಜಿ. ಅದರಲ್ಲಿ ಕಾಲೇಜಿಗೆ ಕಾಲಿಟ್ಟ ದಿನದಿಂದ ಓದಿದ ಪ್ರತಿಯೊಂದು ವಿಷಯದ ದರ್ಜೆಯನ್ನೂ ಬರೆಯಬೇಕು. ಒಂದು ವಿಷಯದಲ್ಲಿ ಕಡಿಮೆ ಬಂತೆಂದು ಮತ್ತೊಮ್ಮೆ ಓದಿ ಬರೆದರೆ ಎರಡೂ ದರ್ಜೆಗಳು ಸರಾಸರಿಗೆ ಸೇರುತ್ತವೆ. ಹೊಸತು ಹಳೆಯದನ್ನು ಅಳಿಸುವುದಿಲ್ಲ. ಆಸ್ಟಿಯೋಪಥಿ ಎಂಬ ಇನ್ನೊಂದು ಬಗೆಯ ವೈದ್ಯ ಪದವಿಯ ಕಾಲೇಜುಗಳು ಮಾತ್ರ ಹೊಸ ದರ್ಜೆಯನ್ನೇ ಹಿಡಿಯುತ್ತಿದ್ದವು. 2017ರಲ್ಲಿ ಅವೂ ಆ ಅವಕಾಶವನ್ನು ನಿಲ್ಲಿಸಿದವು. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಪದವಿಯ ನಂತರ ವಿಜ್ಞಾನ ವಿಷಯಗಳನ್ನು ಮತ್ತೆ ಒಂದೆರಡು ವರ್ಷ ಓದುವುದಕ್ಕೆಂದೇ ಅಲ್ಲಿ ಪಾಠಕ್ರಮಗಳಿವೆ. ಮೊದಲ ವರ್ಷ ಮುಗ್ಗರಿಸಿ ಆಮೇಲೆ ಏರುತ್ತಾ ಹೋದವರ ಆ ಏರಿಕೆಯನ್ನು ಆಯ್ಕೆ ಮಾಡುವವರು ಗಮನಿಸುತ್ತಾರೆ. ಯಾಕೆ ಬಿದ್ದೆ, ಹೇಗೆ ಎದ್ದೆ ಎಂದು ಸಂದರ್ಶನದಲ್ಲಿ ಕೇಳುವುದೂ ಉಂಟು. ಇದು ನೆನಪಿಡುವ ಪದ್ಧತಿ.

ಎರಡರಲ್ಲಿ ಯಾವುದು ನ್ಯಾಯ? ಮೊದಲ ನೋಟಕ್ಕೆ ನಮ್ಮದೇ ಕರುಣೆಯುಳ್ಳದ್ದು ಅನ್ನಿಸುತ್ತದೆ. ಹದಿನೇಳರ ವಯಸ್ಸಿನಲ್ಲಿ, ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಾಗ, ಅಂಗಡಿ ಮುಚ್ಚಿದಾಗ, ಒಂದು ಪರೀಕ್ಷೆ ಕೆಟ್ಟಿತೆಂದರೆ ಅದು ಜನ್ಮವಿಡೀ ಬೆನ್ನಿಗೆ ಅಂಟಿಕೊಂಡಿರಬೇಕೇ? ಆದರೆ ಇಲ್ಲಿ ಮೂರನೆಯವರೊಬ್ಬರಿದ್ದಾರೆ. ಇನ್ನೂ ಹುಟ್ಟದ, ಅಥವಾ ಎಲ್ಲೋ ಆರೋಗ್ಯವಾಗಿ ಓಡಾಡಿಕೊಂಡಿರುವ ಒಬ್ಬ ರೋಗಿ. ಹದಿನೈದು ವರ್ಷದ ಮೇಲೆ ಆತ ಈ ಹುಡುಗಿಯ ಮುಂದೆ ಮಲಗಲಿದ್ದಾನೆ. ಔಷಧದ ಪ್ರಮಾಣದಲ್ಲಿ ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೂ ಹತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಆ ರೋಗಿಗೆ ವೈದ್ಯೆಯ ಕಷ್ಟಸುಖ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಇವಳಿಗೆ ವಿಷಯ ತಿಳಿದಿರಬೇಕು, ಅಷ್ಟೇ ಆತನ ಹಕ್ಕು. ಆತನ ಕಡೆಯಿಂದ ನೋಡಿದಾಗ ಕಡಿಮೆ ಅಂಕ ಬಂದದ್ದು ಅವಮಾನದ ಮಾತಲ್ಲ, ಅದೊಂದು ಸುದ್ದಿ. ಇಂಥದ್ದು ಇವಳಿಗೆ ಇನ್ನೂ ತಿಳಿದಿಲ್ಲ ಎಂಬ ಸುದ್ದಿ. ಸುದ್ದಿಯನ್ನು ಓದದೆ ಅಳಿಸಿಬಿಟ್ಟರೆ ಯಾರಿಗೆ ಲಾಭ?

ಈ ಮಾತನ್ನು ಹೇಳುವ ಅಧಿಕಾರ ನಮಗೆ ಬಂದದ್ದು ನಮ್ಮದೇ ಒಂದು ಅಂಕಪಟ್ಟಿಯಿಂದ. ನಾವು ಏಳನೇ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಹೈಸ್ಕೂಲು ಕನ್ನಡದಲ್ಲಿ. ಪಿಯುಸಿಗೆ ಬಂದಾಗ ವಿಜ್ಞಾನವೆಲ್ಲ ಇಂಗ್ಲಿಷ್. ನಮ್ಮ ಪಾಲಿಗೆ ತೇಜಾಬ್ ಎಂಬುದು ಆಮ್ಲವಾಗಿ, ಆಮ್ಲ ಮತ್ತೆ ಆಸಿಡ್ ಆಗುವ ಹೊತ್ತಿಗೆ ಮೇಷ್ಟ್ರು ಮೂರು ಪಾಠ ಮುಂದೆ ಹೋಗಿರುತ್ತಿದ್ದರು. ಅಪ್ಪನಿಗೆ ನಮ್ಮನ್ನು ಡಾಕ್ಟರು ಮಾಡುವ ಆಸೆ. 1998ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ನಮಗೆ 29 ಬಂತು. ಅಂಕಪಟ್ಟಿಯನ್ನು ಮನೆಗೆ ತರಲು ಧೈರ್ಯವಾಗದೆ ಗೆಳೆಯನ ಮನೆಯ ಅಟ್ಟದ ಮೇಲೆ ಬಚ್ಚಿಟ್ಟೆವು. ಅಕ್ಟೋಬರ್ ಪರೀಕ್ಷೆಗೆ ಕಟ್ಟಿ, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳನ್ನು ಬಾಯಿಪಾಠ ಮಾಡಿ, 51 ತೆಗೆದೆವು. ಅಪ್ಪನಿಗೆ ತೋರಿಸಿದ್ದು ಆ 51ನ್ನು ಮಾತ್ರ. ಅವರು ಮಿಠಾಯಿ ತಂದರು.

ಸತ್ಯ ಏನೆಂದರೆ, ಮೋಲ್ ಎಂದರೆ ಏನು ಎಂಬುದು ನಮಗೆ ಮಾರ್ಚಿಯಲ್ಲೂ ಗೊತ್ತಿರಲಿಲ್ಲ, ಅಕ್ಟೋಬರಿನಲ್ಲೂ ಗೊತ್ತಿರಲಿಲ್ಲ. ರಸಾಯನಶಾಸ್ತ್ರದ ಲೆಕ್ಕಗಳೆಲ್ಲ ನಿಂತಿರುವುದು ಅದರ ಮೇಲೆ. 29 ಎಂಬ ಅಂಕ ನಮ್ಮ ಬಗ್ಗೆ ನಿಜ ಹೇಳಿತ್ತು. 51 ಸುಳ್ಳು ಹೇಳಿತು. ಸುಧಾರಿಸಿದ್ದು ಅಂಕ, ನಾವಲ್ಲ. ಆಮೇಲೆ ನಾವು ಕಲಾ ವಿಭಾಗಕ್ಕೆ ಹೋದೆವು, ಕತೆ ಬರೆಯತೊಡಗಿದೆವು. ಯಾವ ರೋಗಿಗೂ ನಮ್ಮಿಂದ ತೊಂದರೆಯಾಗಲಿಲ್ಲ. ಆದರೆ ಅದೇ 51ರ ಬಲದಿಂದ ಹೇಗೋ ಒಂದು ಸೀಟು ಸಿಕ್ಕಿಬಿಟ್ಟಿದ್ದರೆ? ಈ ಪ್ರಶ್ನೆ ಬಂದಾಗಲೆಲ್ಲ ಆ ಮಿಠಾಯಿಯ ನೆನಪಾಗುತ್ತದೆ.

29 ನಿಜ ಹೇಳಿತ್ತು ಎಂದೆವು. ಪೂರ್ತಿ ನಿಜ ಹೇಳಿತ್ತೇ? ಇಲ್ಲ. ಏನು ತಿಳಿದಿಲ್ಲ ಎಂಬುದನ್ನು ಅಂಕ ಹೇಳುತ್ತದೆ, ಯಾಕೆ ತಿಳಿದಿಲ್ಲ ಎಂಬುದನ್ನು ಹೇಳುವುದಿಲ್ಲ. ಮೂರು ಭಾಷೆಗಳ ನಡುವೆ ಒದ್ದಾಡಿದ್ದು ಅಂಕಪಟ್ಟಿಯ ಯಾವ ಕಲಮಿನಲ್ಲೂ ಬರುವುದಿಲ್ಲ. ಇದನ್ನು ಸರಕಾರ ಒಂದಿಷ್ಟು ಒಪ್ಪಿಕೊಂಡಿದೆ. ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಸೀಟು ಎಂದು ನಮ್ಮ ರಾಜ್ಯ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ, 2018ರಿಂದ ಉರ್ದುವಿನಲ್ಲೂ ಸಿಗುತ್ತಿದೆ. ಆದರೆ ಪತ್ರಿಕೆ ಕನ್ನಡದಲ್ಲಿದ್ದು ತರಬೇತಿ, ಪುಸ್ತಕ, ಮಾದರಿ ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿದ್ದರೆ ಮಗು ಯಾವುದನ್ನು ಹಿಡಿಯಬೇಕು?

ಹಾಗಾದರೆ ನಿಜವಾದ ಸುಧಾರಣೆ ಹೇಗಿರುತ್ತದೆ? ಅದನ್ನು ನಮಗೆ ತೋರಿಸಿಕೊಟ್ಟವಳು ಅಕ್ಕನ ಮಗಳೇ. ಫಲಿತಾಂಶ ಬಂದ ವಾರದ ಮೇಲೆ ಅವಳು ತನ್ನ ಪ್ರಶ್ನೆಪತ್ರಿಕೆಯನ್ನೂ ಸರಿಯುತ್ತರಗಳನ್ನೂ ಹರಡಿಕೊಂಡು ಕುಳಿತಳು. ಉತ್ತರಿಸಬೇಕಾದ 180 ಪ್ರಶ್ನೆಗಳಲ್ಲಿ ಸರಿಯಾದವು 120. ತಪ್ಪಾದವು 37. ಬಿಟ್ಟವು 23. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ. ಕೈತಪ್ಪಿದ ಆ 60 ಪ್ರಶ್ನೆಗಳನ್ನು ಅವಳು ಒಂದು ನೋಟ್‌ಬುಕ್ಕಿಗೆ ಇಳಿಸಿ ಮೂರು ಗುಂಪು ಮಾಡಿದಳು: ಗೊತ್ತೇ ಇಲ್ಲದವು, ಅಂದಾಜಿಗೆ ಗುರುತು ಹಾಕಿದವು, ಗೊತ್ತಿದ್ದೂ ತಪ್ಪಿದವು. ಗೊತ್ತಿದ್ದೂ ತಪ್ಪಿದವೇ 21! ಒಂದೊಂದಕ್ಕೆ 5ರಂತೆ 105 ಅಂಕ. ಅವುಗಳಲ್ಲಿ ಬಹುಪಾಲು ಭೌತಶಾಸ್ತ್ರದವು. ಸೂತ್ರ ಸರಿಯಿತ್ತು, ಲೆಕ್ಕ ತಪ್ಪಿತ್ತು. ಹತ್ತರ ಘಾತಗಳನ್ನು ಕೂಡುವಾಗ, ಕಳೆಯುವಾಗ ಎಡವಿದ್ದಳು. ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ.

ಅಂದರೆ ಅವಳ ನೀಟ್ ಕೆಟ್ಟದ್ದು ಪಿಯುಸಿಯಲ್ಲಲ್ಲ, ಎಂಟು ಒಂಬತ್ತನೇ ತರಗತಿಯಲ್ಲಿ. ಹತ್ತೊಂಬತ್ತರ ಹತ್ತಿರದ ಹುಡುಗಿ ತಮ್ಮನ ಎಂಟನೇ ತರಗತಿ ಗಣಿತ ಪುಸ್ತಕ ಹಿಡಿದು ಘಾತಾಂಕದ ಲೆಕ್ಕ ಬಿಡಿಸತೊಡಗಿದಳು. ನೆರೆಮನೆಯವರು ನಕ್ಕರು. ಜೀವಶಾಸ್ತ್ರಕ್ಕೆ 360 ಅಂಕವಿರುವಾಗ, ಭೌತಶಾಸ್ತ್ರ ರಸಾಯನಶಾಸ್ತ್ರಕ್ಕೆ ತಲಾ 180 ಇರುವಾಗ, ಜೀವಶಾಸ್ತ್ರವನ್ನೇ ಇನ್ನಷ್ಟು ಉರುಹೊಡೆ ಎಂದು ಒಬ್ಬ ಟ್ಯೂಷನ್ ಮೇಷ್ಟ್ರು ಬುದ್ಧಿ ಹೇಳಿದರು. ಅಂಕದ ದೃಷ್ಟಿಯಿಂದ ಅದು ಕೆಟ್ಟ ಸಲಹೆಯೇನಲ್ಲ. ಅವಳು ಎರಡನ್ನೂ ಮಾಡಿದಳು. ನಾವು ಅಂಕಪಟ್ಟಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆವು; ಅವಳು ಅದನ್ನು ಮೇಜಿನ ಮೇಲಿಟ್ಟುಕೊಂಡು ಓದಿದಳು.

ಇಷ್ಟೇ ಆಗಿದ್ದರೆ ಇದು ಶ್ರಮದ ಮಹಿಮೆ ಸಾರುವ ಒಂದು ಲೇಖನವಾಗಿ ಮುಗಿಯುತ್ತಿತ್ತು. ಆದರೆ ಅವಳು ಓದಿದ್ದು ಎಲ್ಲಿ ಎಂಬುದನ್ನು ಹೇಳಬೇಕು. ಮನೆಯಲ್ಲೇ. ಅವಳಿಗಿಂತ ಮೊದಲು ಅವಳ ಅಣ್ಣ ನೀಟ್ ಬರೆದಿದ್ದ. ಅವನಿಗೆ ಮೊದಲ ಸಲ ತಂಗಿಗಿಂತ ಬಹಳ ಕಡಿಮೆ ಅಂಕ ಬಂದಿತ್ತು. ಭಾವ ಸಾಲ ಮಾಡಿ ಅವನನ್ನು ಕರಾವಳಿಯ ಊರೊಂದರ ಹಾಸ್ಟೆಲಿಗೆ, ಲಾಂಗ್ ಟರ್ಮ್ ಕೋಚಿಂಗಿಗೆ ಕಳಿಸಿದರು. ಒಂದು ವರ್ಷವಲ್ಲ, ಎರಡು ವರ್ಷ. ಸೀಟು ಸಿಗಲಿಲ್ಲ, ಅವನೀಗ ಭಾವನ ಅಂಗಡಿಯಲ್ಲಿ ಕೂರುತ್ತಾನೆ. ಮಗಳ ಸರದಿ ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. ಮನೆಯಲ್ಲಿ ಓದು, ಆನ್‌ಲೈನಿನಲ್ಲಿ ಮಾದರಿ ಪರೀಕ್ಷೆ ಬರಿ, ಒಂದೇ ವರ್ಷ ಎಂದರು. ಅವಳು ಒಪ್ಪಿಕೊಂಡಳು.

ಎರಡನೇ ಅವಕಾಶ ಎಲ್ಲರಿಗೂ ಇದೆ ಎಂದು ಕಾನೂನು ಹೇಳುತ್ತದೆ. ಆ ಅವಕಾಶಕ್ಕೆ ಬೇಕಾದ ಒಂದು ವರ್ಷದ ಅನ್ನ, ಬಾಡಿಗೆ, ಫೀಸು, ಮನಶ್ಶಾಂತಿ ಯಾರಿಗಿದೆ? ತಮಿಳುನಾಡಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಕೆ. ರಾಜನ್ ಅವರ ಸಮಿತಿ 2021ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ನೀಟ್ ಬರುವ ಮುಂಚೆ, 2016-17ರಲ್ಲಿ, ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಹಿಂದಿನ ವರ್ಷಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದವರು ನೂರಕ್ಕೆ 12.47. ಅದೇ 2020-21ರಲ್ಲಿ 71.42. ಅಂದರೆ ಮೊದಲ ಪ್ರಯತ್ನದಲ್ಲೇ ಗೆಲ್ಲುವುದು ಅಪವಾದವಾಗಿ, ಮತ್ತೊಮ್ಮೆ ಬರೆಯುವುದೇ ರೂಢಿಯಾಯಿತು. ಒಂದು ವರ್ಷ ಕಾಯುವ ಶಕ್ತಿಯೇ ಅರ್ಹತೆಯ ಒಂದು ಭಾಗವಾಗಿಬಿಟ್ಟಿತು. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಅದು ಕಾಣುವುದಿಲ್ಲ.

ಇದಕ್ಕಿಂತ ಸುಲಭದ ಒಂದು ಸುಧಾರಣೆಯೂ ಇದೆ. 2024ರಲ್ಲಿ ಸಾಮಾನ್ಯ ವರ್ಗಕ್ಕೆ ನೀಟ್ ಅರ್ಹತೆಯ ಗೆರೆ 720ಕ್ಕೆ 162 ಅಂಕ. ಆ ಗೆರೆ ದಾಟಿದವನಿಗೆ ಖಾಸಗಿ ಕಾಲೇಜಿನ ದುಬಾರಿ ಸೀಟು ಕೊಳ್ಳಲು ಹಣವಿದ್ದರೆ ಅವನ ದುರ್ಬಲ ಅಂಕ ದುರ್ಬಲವಲ್ಲ. ಹಣವಿಲ್ಲದವಳಿಗೆ ಐನೂರು ಬಂದರೂ ಅದು ದುರ್ಬಲವೇ. ರೋಗಿಯ ಹಿತದ ಮಾತನ್ನು ನಾವು ಮೇಲೆ ಆಡಿದೆವಲ್ಲ, ಅದು ಬಡವರ ಮಕ್ಕಳಿಗೆ ಮಾತ್ರ ಅನ್ವಯಿಸುವ ನೀತಿಯಾದರೆ ಅದನ್ನು ನೀತಿ ಎಂದು ಕರೆಯಬಹುದೇ?

2024ರ ಮೇ 5ರಂದು ಅವಳು ಎರಡನೇ ಸಲ ಬರೆದಳು. ಜೂನ್ 4ರಂದು ಫಲಿತಾಂಶ. 551! ನೂರೆಂಟು ಅಂಕ ಏರಿತ್ತು. ಅಕ್ಕ ನಮಗೆ ಫೋನು ಮಾಡಿ ಅತ್ತಳು. ಸಂತೋಷ ಎರಡು ದಿನ ಬಾಳಿತು. ಆ ವರ್ಷ ಎಲ್ಲರ ಅಂಕಗಳೂ ಏರಿದ್ದವು. 2023ರಲ್ಲಿ 720ಕ್ಕೆ 720 ತೆಗೆದವರು ಇಬ್ಬರು. 2024ರ ಮೊದಲ ಪಟ್ಟಿಯಲ್ಲಿ 67 ಮಂದಿ. ಕೃಪಾಂಕ, ಮರುಪರೀಕ್ಷೆ, ಪರಿಷ್ಕರಣೆ ಎಲ್ಲ ಮುಗಿದ ಮೇಲೆ ಆ ಸಂಖ್ಯೆ 17ಕ್ಕೆ ಇಳಿಯಿತು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು; ಇಡೀ ಪರೀಕ್ಷೆಯನ್ನು ರದ್ದು ಮಾಡುವಷ್ಟು ವ್ಯಾಪಕವಲ್ಲವೆಂದು ಜುಲೈ 23ರಂದು ಹೇಳಿತು. ನಮ್ಮ ಹುಡುಗಿಯ ಅಂಕ ನೂರೆಂಟು ಏರಿದ್ದರೂ ಶ್ರೇಯಾಂಕ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು. ಸರಕಾರಿ ಸೀಟು ಬರಲಿಲ್ಲ.

ಒಂದು ಇಡೀ ವರ್ಷ ತನ್ನ ತಪ್ಪುಗಳನ್ನು ಒಂದೊಂದಾಗಿ ತಿದ್ದಿಕೊಂಡವಳ ಮುಂದೆ, ಕದ್ದ ಪತ್ರಿಕೆಯಿಂದ ಒಂದೇ ರಾತ್ರಿಯಲ್ಲಿ ಸುಧಾರಿಸಿಕೊಂಡವರೂ ಇದ್ದರು. ಅಂಕ ಇಬ್ಬರ ನಡುವೆ ಭೇದ ಮಾಡುವುದಿಲ್ಲ. ನೆನಪಿಡುವ ಪದ್ಧತಿಗೆ ಅದರದೇ ಕ್ರೌರ್ಯವಿದೆ. ಆದರೆ ಒಬ್ಬರು ಹೇಗೆ ಏರಿದರು ಎಂದು ಅಲ್ಲಿ ಕೇಳುವವರಾದರೂ ಇದ್ದಾರೆ. ಮರೆಯುವ ಪದ್ಧತಿಯಲ್ಲಿ ಸೋಲಿನ ಜೊತೆಗೆ ಎದ್ದು ನಿಂತ ಕತೆಯೂ ಅಳಿಸಿಹೋಗುತ್ತದೆ.

ಆ ರಾತ್ರಿ ಮನೆಯಲ್ಲಿ ಪಂಚಾಯಿತಿ. ಇನ್ನೊಂದು ವರ್ಷ ಕೊಡಿ ಎಂದು ಹುಡುಗಿ ಕೇಳಲಿಲ್ಲ. ಕೇಳಬಹುದೇ ಎಂಬಂತೆ ನಮ್ಮ ಮುಖ ನೋಡಿದಳು. 'ಹೆಣ್ಣುಮಗು, ಇಪ್ಪತ್ತಾಗುತ್ತೆ, ಇನ್ನೆಷ್ಟು ವರ್ಷ?' ಎಂದರು ಭಾವ. ಅಣ್ಣನಿಗೆ ಎರಡು ವರ್ಷ ಕೊಟ್ಟಿರಲ್ಲ ಎಂಬ ಮಾತು ನಮ್ಮ ನಾಲಿಗೆಯ ತುದಿಯವರೆಗೆ ಬಂತು. ಅಳಿಯ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಅವನ ಎದುರು ಹೇಗೆ ಹೇಳುವುದು? ಭಾವನ ಸಾಲ ತೀರಿಸುವವರು ನಾವಲ್ಲವಲ್ಲ? ಹೀಗೆಲ್ಲ ಲೆಕ್ಕ ಹಾಕಿ ಸುಮ್ಮನಿದ್ದೆವು. ನ್ಯಾಯ ಅನ್ಯಾಯದ ಬಗ್ಗೆ ಕತೆ ಬರೆಯುವವರು ಮನೆಯ ಚಾಪೆಯ ಮೇಲೆ ಕುಳಿತು ಸುಮ್ಮನಿದ್ದೆವು.

ಮೂರನೇ ವರ್ಷ ಕೊಟ್ಟಿದ್ದರೆ ಸರಿಯಾಗುತ್ತಿತ್ತೇ? ಖಚಿತವಾಗಿ ಹೇಳಲಾರೆವು. ಎಷ್ಟು ಸಲ ಬೇಕಾದರೂ ಬರೆಯಬಹುದೆಂಬ ಸ್ವಾತಂತ್ರ್ಯವೇ ಬಲೆಯಾದದ್ದನ್ನು ಕಂಡಿದ್ದೇವೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆ. ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಚಿಲ್ಲರೆ. ಎಲ್ಲರೂ ಎಷ್ಟೇ ಸುಧಾರಿಸಿದರೂ ಸೀಟು ಹೆಚ್ಚಾಗುವುದಿಲ್ಲ. ನಾಲ್ಕು, ಐದು ಸಲ ಬರೆದು ಇಪ್ಪತ್ತಮೂರಕ್ಕೆ ಮನೆಯ ಕೋಣೆಯಿಂದ ಹೊರಬರದ ಮಕ್ಕಳಿದ್ದಾರೆ. ನಿಲ್ಲಿಸುವುದೂ ಒಂದು ವಿವೇಕ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ, ಮಗುವನ್ನು ಕೂರಿಸಿಕೊಂಡು, ಕಾರಣ ಹೇಳಿ ನಿರ್ಧರಿಸಬೇಕು. ಹೋದ ಸಲದ ಯಾವ ಕೊರತೆ ಈ ಸಲ ತುಂಬುತ್ತದೆ ಎಂಬುದಕ್ಕೆ ಉತ್ತರವಿದ್ದರೆ ಇನ್ನೊಂದು ವರ್ಷಕ್ಕೆ ಅರ್ಥವಿದೆ. ಉತ್ತರವಿಲ್ಲದಿದ್ದರೆ ಅದು ಬರೀ ಜೂಜು. ಈ ಅಳತೆಗೋಲು ಮಗನಿಗೂ ಮಗಳಿಗೂ ಒಂದೇ ಇರಬೇಕು. ನಮ್ಮ ಅಕ್ಕನ ಮನೆಯಲ್ಲಿ ಉತ್ತರವಿಲ್ಲದವನಿಗೆ ಎರಡು ವರ್ಷ ಸಿಕ್ಕಿತು, ಉತ್ತರವಿದ್ದವಳಿಗೆ ಒಂದು. ತಪ್ಪಾದದ್ದು ಅಲ್ಲಿ. ಆ ತಪ್ಪಿನಲ್ಲಿ ನಮ್ಮ ಮೌನದ ಪಾಲೂ ಇದೆ.

ಅವಳೀಗ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಡಾಕ್ಟರಾಗದೆ ಹೋದ ನೋವು ಹೋಗಿದೆಯೆಂದು ಹೇಳಿದರೆ ಅದು ಕತೆಗಾರರ ಸುಳ್ಳಾದೀತು. ಹೋಗಿಲ್ಲ. ಆದರೆ ಔಷಧದ ಪ್ರಮಾಣ ಲೆಕ್ಕ ಹಾಕುವ ತರಗತಿಯಲ್ಲಿ ತನ್ನಷ್ಟು ಬೇಗ ಯಾರೂ ಉತ್ತರ ಹೇಳುವುದಿಲ್ಲ ಎಂದು ಒಮ್ಮೆ ಫೋನಿನಲ್ಲಿ ಹೇಳಿದಳು. ನಮಗೆ ಎಂಟನೇ ತರಗತಿಯ ಆ ಗಣಿತ ಪುಸ್ತಕ ನೆನಪಾಯಿತು. ನಾವು ಮೇಲೆ ಹೇಳಿದ ರೋಗಿ ಅವಳ ಮುಂದೆಯೇ ಬಂದು ಮಲಗಬಹುದು, ದಶಾಂಶದ ಚುಕ್ಕೆಯನ್ನು ಕಾಯುವ ಕೈ ಅವಳದೇ ಆಗಬಹುದು.

ಹೋದ ಈದ್‌ಗೆ ಬಂದಾಗ ಪಕ್ಕದ ಬೀದಿಯ ಹುಡುಗನೊಬ್ಬ ಅವಳನ್ನು ಹುಡುಕಿಕೊಂಡು ಬಂದ. ನೀಟ್‌ನಲ್ಲಿ ಕಡಿಮೆ ಬಂದಿದೆ, ಮತ್ತೆ ಬರೆಯಬೇಕು, ಯಾವ ಕೋಚಿಂಗ್ ಒಳ್ಳೆಯದು ಆಪಾ ಎಂದು ಕೇಳಿದ. ಅವಳು ಕೋಚಿಂಗಿನ ಮಾತೆತ್ತಲಿಲ್ಲ. ಒಳಗೆ ಹೋಗಿ ತನ್ನ ಹಳೆಯ ನೋಟ್‌ಬುಕ್ಕನ್ನು ತಂದು ಮೂರು ಗುಂಪಿನ ಆ ಅರವತ್ತು ಪ್ರಶ್ನೆಗಳನ್ನು ತೋರಿಸಿ, 'ಮೊದಲು ನಿನ್ನ ಹೋದ ಸಲದ ಪೇಪರ್ ತಗೊಂಡು ಬಾ' ಎಂದಳು.

ಹೋದ ವರ್ಷದ ಅಂಕ ಎಲ್ಲೂ ಉಳಿಯುವುದಿಲ್ಲವೆಂದು ಅವಳಿಗೆ ನಾವು ಹೇಳಿದ್ದೆವು.